ಅಕ್ಕ ಬೇಡ ಅನ್ನಲು ಕಲಿತದ್ದು

ಕಳೆದ ತಿಂಗಳು ಉಡುಪಿಯಿಂದ ಒಬ್ಬ ಹೆಣ್ಣುಮಗಳು ಫೋನ್ ಮಾಡಿದಳು. ತನ್ನ ದೊಡ್ಡಮ್ಮ ತೀರಿಕೊಂಡು ಒಂಬತ್ತು ದಿನವಾಯಿತು ಎಂದಳು. ಆಮೇಲೆ ಅವಳು ಸಂಕೋಚದಿಂದ ಕೇಳಿದಳು: "ಹದಿಮೂರನೇ ದಿನಕ್ಕೆ ಇಡಲಿಕ್ಕೆ ಒಂದು ಫೋಟೊ ಬೇಕಿತ್ತು. ದೊಡ್ಡಮ್ಮನ ಮುಖ ಸರಿಯಾಗಿ ಕಾಣುವಂಥದ್ದು ನಮ್ಮಲ್ಲಿ ಒಂದೂ ಇಲ್ಲ. ನಿಮ್ಮ ಹತ್ರ ಉಂಟಾ?"

ಹಳೆಯ ಆಲ್ಬಮ್ ತೆಗೆದು ನೋಡಿದೆ. ಅವರಿದ್ದ ಹನ್ನೊಂದು ಫೋಟೊ ಸಿಕ್ಕವು. ಒಂಬತ್ತರಲ್ಲಿ ಅವರ ಬೆನ್ನು. ಅವರು ಮುಂದೆ ನಡೆಯುವವರು, ನಾವು ಹಿಂದಿನಿಂದ ಕ್ಯಾಮೆರಾ ಹಿಡಿಯುವವರು, ಇನ್ನೇನು ಸಿಗುತ್ತದೆ? ಹತ್ತನೆಯದರಲ್ಲಿ ಮುಖಕ್ಕೆ ಕಪ್ಪು ಕೊಡೆಯ ನೆರಳು ಬಿದ್ದಿದೆ. ಆಸ್ಪತ್ರೆಯ ಲ್ಯಾಬಿನಲ್ಲಿ ಬಿಳಿ ಕೋಟು ಹಾಕಿಕೊಂಡು, ಯಾರೋ ಕರೆದದ್ದಕ್ಕೆ ತಿರುಗಿ ನೋಡುತ್ತಿರುವ ಒಂದೇ ಒಂದು ಫೋಟೊ ಕಳಿಸಿದೆ. ಅದರಲ್ಲಿ ಅವರು ಸ್ವಲ್ಪ ಸಿಟ್ಟಾದವರಂತೆ ಕಾಣುತ್ತಾರೆ. ಸಿಟ್ಟೇನೂ ಇರಲಿಲ್ಲ. ಕೆಲಸದ ಮಧ್ಯೆ ಯಾರು ಕರೆದರೂ ಅವರ ಮುಖ ಹಾಗೆಯೇ ಆಗುತ್ತಿತ್ತು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ, ಬರೆದರೆ ಅವರಿಗೆ ಇಷ್ಟವಾಗುತ್ತಿರಲಿಲ್ಲ. ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಕ್ಯಾಲಿಫೋರ್ನಿಯಾದ ಬೇ ಏರಿಯಾದ ಅಂದಿನ ಕನ್ನಡದವರಲ್ಲಿ ಅಷ್ಟು ಹೇಳಿದರೆ ಸಾಕಿತ್ತು.

ನಾನು ರೆಡ್‌ವುಡ್ ಸಿಟಿಯ ಆಸ್ಪತ್ರೆಯೊಂದರ ಲ್ಯಾಬಿಗೆ ಸೇರಿದಾಗ ಅವರು ಅಲ್ಲಿ ಸೀನಿಯರ್. ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಮೈಸೂರಿನಲ್ಲಿ ಓದಿ, ಮದುವೆಯಾಗಿ, ಇಲ್ಲಿಗೆ ಬಂದು, ಮತ್ತೆ ಪರೀಕ್ಷೆ ಬರೆದು ಆ ಕೆಲಸ ಹಿಡಿದಿದ್ದೆ. ಮೊದಲ ದಿನವೇ ಅವರು ನನ್ನ ಮುಂದೆ ಒಂದು ಟ್ರೇ ರಕ್ತದ ಟ್ಯೂಬು ಇಟ್ಟು, "ಇದರಲ್ಲಿ ಎಂತ ಸರಿ ಇಲ್ಲ, ಹೇಳು" ಅಂದರು. ಅಮೆರಿಕದ ಲ್ಯಾಬಿನಲ್ಲಿ ಕರಾವಳಿಯ ಕನ್ನಡ ಕೇಳಿ ನನಗೆ ಕಣ್ಣಲ್ಲಿ ನೀರು ಬಂತು. ಅವರು ಅದನ್ನು ಗಮನಿಸಿದರೂ ಗಮನಿಸದವರಂತೆ, ಒಂದು ಟ್ಯೂಬನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ಎತ್ತಿ ತೋರಿಸಿದರು. ಅದಕ್ಕೆ ರೋಗಿಯ ಹೆಸರಿನ ಚೀಟಿಯೇ ಇರಲಿಲ್ಲ.

ಅಂಥ ಟ್ಯೂಬು ಬಂದರೆ ಅವರು ಎತ್ತಿ ಪಕ್ಕಕ್ಕಿಡುತ್ತಿದ್ದರು. ಮೇಲಿನ ವಾರ್ಡಿನಿಂದ ಡಾಕ್ಟರು ಫೋನಿನಲ್ಲಿ ಕೂಗಾಡಿದರೂ, ತಣ್ಣಗಿನ ಇಂಗ್ಲಿಷಿನಲ್ಲಿ ಆಗುವುದಿಲ್ಲ, ಇನ್ನೊಮ್ಮೆ ರಕ್ತ ತೆಗೆದು ಕಳಿಸಿ ಎನ್ನುತ್ತಿದ್ದರು. ಫೋನಿಟ್ಟು, ಏನೂ ಆಗದವರಂತೆ ಮುಂದಿನ ಟ್ಯೂಬಿಗೆ ಕೈ ಹಾಕುತ್ತಿದ್ದರು.

ಗುರುವಾರ ಮಧ್ಯಾಹ್ನ ಊಟದ ಹೊತ್ತಿಗೆ ಅವರು ಒಂದು ನಕಾಶೆ ಬಿಚ್ಚುತ್ತಿದ್ದರು. ತಿಂಗಳಿಗೆ ಎರಡು ವಾರಾಂತ್ಯ ಬೆಟ್ಟಕ್ಕೆ ಹೋಗಲೇಬೇಕು. ಚಳಿಗಾಲದಲ್ಲಿ ಹತ್ತಿರದ ಗುಡ್ಡಗಳು, ಬೇಸಿಗೆಯಲ್ಲಿ ಸಿಯೆರಾ ಎಂಬ ಹಿಮದ ಪರ್ವತಸಾಲು, ವಸಂತದಲ್ಲಿ ಸಿಯೆರಾದ ಆಚೆಯ ಮರುಭೂಮಿ. ಇಲ್ಲಿಗೆ ಬಂದ ಹೊಸತರಲ್ಲಿ ಜೊತೆಯ ಕೆಲಸದವಳೊಬ್ಬಳು ಅವರನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗಿದ್ದಳಂತೆ. ಸೀರೆ ಉಟ್ಟು, ಚಪ್ಪಲಿ ಮೆಟ್ಟಿ ಆರು ಮೈಲಿ ನಡೆದು, ಎರಡೂ ಪಾದ ಬೊಕ್ಕೆ ಎದ್ದು, ಸೋಮವಾರ ಕುಂಟುತ್ತಾ ಕೆಲಸಕ್ಕೆ ಬಂದರಂತೆ. ಅದೇ ಸಂಜೆ ಅಂಗಡಿಗೆ ಹೋಗಿ ಬೂಟು ಕೊಂಡರು. ಅವರ ಪಾದ ಎಷ್ಟು ಚಿಕ್ಕದೆಂದರೆ ಹೆಂಗಸರ ಅಳತೆಯಲ್ಲಿ ಸಿಗದೆ ಶಾಲೆಯ ಹುಡುಗರ ವಿಭಾಗದಲ್ಲಿ ಕೊಳ್ಳಬೇಕಾಯಿತು. ಕಡೆಯವರೆಗೂ ಅಲ್ಲೇ ಕೊಂಡರು.

ಅವರು ಮದುವೆಯಾಗಿರಲಿಲ್ಲ. ಲಾಸ್ ಆಲ್ಟೋಸಿನಲ್ಲಿ ಒಂದು ದೊಡ್ಡ ಮನೆಯ ಹಿತ್ತಲಿನ ಔಟ್‌ಹೌಸಿನಲ್ಲಿ ಬಾಡಿಗೆಗಿದ್ದರು. ಹಬ್ಬದ ಊಟಕ್ಕೆ ಕನ್ನಡದವರು ಸೇರಿದಾಗ ಯಾರಾದರೂ ಹೊಸಬರು ಯಜಮಾನರು ಏನು ಮಾಡುತ್ತಾರೆಂದು ಕೇಳಿಯೇ ಕೇಳುತ್ತಿದ್ದರು. ಅವರು ಒಂದೇ ಉತ್ತರ ಇಟ್ಟುಕೊಂಡಿದ್ದರು.

"ನನಗೆ ಬಸ್ಸು ತಪ್ಪಿತು. ನಡೆದುಕೊಂಡೇ ಹೊರಟೆ."

ಕೇಳಿದವರು ನಕ್ಕರೆ ಅವರೂ ನಗುತ್ತಿದ್ದರು. ನಗದಿದ್ದರೆ ಪಲ್ಯ ಬಡಿಸಿಕೊಳ್ಳಲು ಹೋಗುತ್ತಿದ್ದರು.

ನನ್ನನ್ನು ಬೆಟ್ಟಕ್ಕೆ ಹತ್ತಿಸಿದವರು ಅವರೇ. ಮೊದಲ ಸಲ ನಾನು ದಡದಡನೆ ಹತ್ತಿ, ಅರ್ಧ ಗಂಟೆಗೆ ಏದುಸಿರು ಬಿಡುತ್ತಾ ಬಂಡೆ ಹಿಡಿದು ನಿಂತೆ. ಅವರು ಹಿಂದಿನಿಂದ, ಸಂತೆಗೆ ಹೊರಟವರ ಹಾಗೆ ನಿಧಾನ ಬಂದು, ನಿಲ್ಲದೆ ನನ್ನನ್ನು ದಾಟಿದರು. "ಮಾತಾಡಿಕೊಂಡು ಹತ್ತಲಿಕ್ಕೆ ಆಗ್ಬೇಕು. ಮಾತು ನಿಂತರೆ ನೀನು ಜೋರು ಹೋಗ್ತಾ ಇದ್ದಿ ಅಂತ ಅರ್ಥ," ಅಂದರು. ಅವರೇನೋ ಮಾತಾಡುತ್ತಿರಲಿಲ್ಲ. ಮಾತಾಡಲು ಆಗುತ್ತದೆ ಎಂಬುದೇ ಅವರಿಗೆ ಸಾಕಾಗಿತ್ತು.

ತಿನ್ನುವ ವಿಷಯದಲ್ಲಿ ಮಾತ್ರ ಅವರು ಲ್ಯಾಬಿನವರೇ. ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಆದರೆ ಅಕ್ಕಿ ಬೇಯುವುದಿಲ್ಲ ಎಂದು ವಿವರಿಸಿ, ಸಿಯೆರಾಕ್ಕೆ ಅವಲಕ್ಕಿ ಮತ್ತು ಒಣ ಚಟ್ನಿಪುಡಿ ಒಯ್ಯುತ್ತಿದ್ದರು. ಮರುಭೂಮಿಗೆ ಹೋಗುವಾಗ ಥರ್ಮಾಸಿನಲ್ಲಿ ತೆಳ್ಳಗಿನ ಗಂಜಿ, ಉಪ್ಪು ಸ್ವಲ್ಪ ಮುಂದು. ಕುಚ್ಚಲಕ್ಕಿಗಾಗಿ ಕೊಲ್ಲಿಯ ಸೇತುವೆ ದಾಟಿ ಫ್ರೀಮಾಂಟ್ ತನಕ ಹೋಗುತ್ತಿದ್ದರು. ನೀರು ತಲೆಗೆ ದಿನಕ್ಕೊಂದು ಗ್ಯಾಲನ್, ಅದರ ಮೇಲೆ ಒಂದು ಕ್ಯಾನು ಹೆಚ್ಚಿಗೆ. ಬಿಸಿಲಿಗೆ ಊರಿನಿಂದ ತಂದ ಕಪ್ಪು ಕೊಡೆ. ಹಾದಿಯಲ್ಲಿ ಎದುರಾದ ಅಮೆರಿಕನ್ನರು ಆ ಕೊಡೆ ನೋಡಿ ಮಳೆ ಬರುತ್ತದೆಯೇ ಎಂದು ತಮಾಷೆ ಮಾಡಿದರೆ, ಅವರು ಗಂಭೀರವಾಗಿ ಆಕಾಶ ನೋಡಿ, ಇವತ್ತು ಬರಲಿಕ್ಕಿಲ್ಲ ಅನ್ನುತ್ತಿದ್ದರು.

ಈಗ ಹೇಳಬೇಕಾದದ್ದು ಒಂದು ಮೇ ತಿಂಗಳ ಕೊನೆಯಲ್ಲಿ ನಡೆದದ್ದು.

ನನ್ನ ಗಂಡ ಚಿಪ್ ತಯಾರಿಸುವ ಕಂಪನಿಯೊಂದರಲ್ಲಿ ಇಂಜಿನಿಯರು. ಬೆಂಗಳೂರಿನವರು. ಒಳ್ಳೆಯ ಮನುಷ್ಯ, ಆದರೆ ಕೈಗೆ ಬಂದ ಯಾವ ಕೆಲಸವನ್ನೂ ನಾಳೆಗೆ ಬಿಡಲಾರದವರು. ಮೂರು ದಿನದ ರಜೆ ಸಿಕ್ಕಿತ್ತು. ಡೆತ್ ವ್ಯಾಲಿ ಎಂಬ ಮರುಭೂಮಿಯ ಉತ್ತರಕ್ಕೆ ದೊಡ್ಡ ಮರಳು ದಿಬ್ಬಗಳಿರುವ ಒಂದು ಕಣಿವೆ ಇದೆ ಎಂದು ಅಕ್ಕನ ಬಾಯಲ್ಲೇ ಕೇಳಿದ್ದರು. ಅಲ್ಲಿಗೇ ಹೋಗೋಣ ಎಂದು ಹಟ ಹಿಡಿದರು. ಅಕ್ಕ, "ಮೇ ಅಂದ್ರೆ ಅಲ್ಲಿಗೆ ತಡ ಆಯ್ತು ಮಾರಾಯ್ರೆ, ಬಿಸಿಲು ಜಾಸ್ತಿ," ಅಂದರು. ಇವರು ಮತ್ತೊಮ್ಮೆ ಕೇಳಿದರು. ಅಕ್ಕ ಒಪ್ಪಿದರು.

ಸಿಯೆರಾವನ್ನು ನೇರ ದಾಟುವ ಟಯೋಗ ಘಾಟಿ ಇನ್ನೂ ಹಿಮದಲ್ಲಿ ಮುಚ್ಚಿತ್ತು. ದಕ್ಷಿಣಕ್ಕೆ ಸುತ್ತಿ, ಬೇಕರ್ಸ್‌ಫೀಲ್ಡ್ ದಾಟಿ, ಸಿಯೆರಾದ ಬೆನ್ನಿನ ಕಡೆಯಿಂದ ಹೋದೆವು. ಬಿಗ್ ಪೈನ್ ಎಂಬ ಸಣ್ಣ ಊರಿನ ಮೋಟೆಲಿನಲ್ಲಿ ತಂಗಿ, ಮರುದಿನ ಬೆಳಗ್ಗೆ ಬೇಗ ಹೊರಟೆವು. ಗಾಡಿ ಅಕ್ಕನದು, ಹಳೆಯ ಹಸಿರು ಸ್ಟೇಷನ್ ವ್ಯಾಗನ್. ಡಾಂಬರು ಮುಗಿದು ಜಲ್ಲಿಯ ರಸ್ತೆ ಶುರುವಾದ ಮೇಲೆ ನನ್ನ ಗಂಡ, "ಅಕ್ಕ, ನೀವು ನಿನ್ನೆಯಿಂದ ಓಡಿಸ್ತಾನೇ ಇದೀರಿ. ಸ್ವಲ್ಪ ನಾನು ತಗೋತೀನಿ," ಅಂದರು. ಅಕ್ಕ ಪರವಾಗಿಲ್ಲ ಎಂದರು. ಎರಡು ಮೈಲಿಯ ನಂತರ ಇವರು ಇನ್ನೊಮ್ಮೆ ಕೇಳಿದರು. ಅಕ್ಕ ಗಾಡಿ ನಿಲ್ಲಿಸಿ, ಇಳಿದು, ಕೀಲಿ ಕೊಟ್ಟರು.

ದಿಬ್ಬಗಳು ಕಂಡವು. ಕಣಿವೆಯ ತುದಿಯಲ್ಲಿ, ಯಾರೋ ಜರಡಿ ಹಿಡಿದು ಸುರಿದ ಹಾಗೆ, ನುಣ್ಣಗೆ ಬೆಳ್ಳಗೆ ಎದ್ದಿದ್ದವು. ರಸ್ತೆ ದೂರದಲ್ಲೇ ತಿರುಗುತ್ತಿತ್ತು. ಮಣ್ಣು ಗಟ್ಟಿಯಿದೆ, ಇನ್ನಷ್ಟು ಹತ್ತಿರ ಹೋಗಬಹುದು ಎಂದು ಇವರು ಗಾಡಿಯನ್ನು ರಸ್ತೆ ಬಿಟ್ಟು ಇಳಿಸಿದರು. ಹಿಂದಿನ ಸೀಟಿನಲ್ಲಿ ಅಕ್ಕ ಬಾಯಿ ತೆರೆದದ್ದು ನನಗೆ ಕಂಡಿತು. ಆದರೆ ಮಾತು ಬರಲಿಲ್ಲ. ಇನ್ನೂರು ಅಡಿ ಹೋಗುವುದರೊಳಗೆ ಹಿಂದಿನ ಗಾಲಿಗಳು ಹೂತವು. ಇವರು ಎಂಜಿನ್ ಜೋರು ಮಾಡಿದರು. ಗಾಡಿ ಅಚ್ಚಿನವರೆಗೆ ಕುಳಿತಿತು.

ಆಗ ಹತ್ತೂವರೆ ಗಂಟೆ. ಅಕ್ಕ ಇಳಿದು, ಮೊಣಕಾಲೂರಿ ನೋಡಿ, "ಈಗ ಎಂತ ಮಾಡುವುದೂ ಬೇಡ. ನೆರಳಲ್ಲಿ ಕೂರುವ. ಸಂಜೆ ಐದಕ್ಕೆ ಬಿಸಿಲು ಇಳಿದ ಮೇಲೆ ತೋಡುವ. ನೀರು ಉಂಟು, ಊಟ ಉಂಟು," ಎಂದರು.

ನನ್ನ ಗಂಡನಿಗೆ ಕೂರಲು ಆಗಲಿಲ್ಲ. ಮುಖ ಕೆಂಪಾಗಿತ್ತು, ಬಿಸಿಲಿಗಷ್ಟೇ ಅಲ್ಲ. ಬರುವ ದಾರಿಯಲ್ಲಿ ಒಂದು ಟ್ರಕ್ ನಿಂತದ್ದನ್ನು ನೋಡಿದ್ದೆ, ಯಾರೋ ಕ್ಯಾಂಪ್ ಮಾಡಿರಬೇಕು, ಎರಡು ಮೈಲಿಯೂ ಇರಲಾರದು ಎಂದರು. ಹನ್ನೆರಡರ ಹೊತ್ತಿಗೆ ಎದ್ದೇ ನಿಂತರು.

"ರೀ, ಅಕ್ಕ ಹೇಳ್ತಿರೋದು ಕೇಳಿ," ಅಂದೆ.

"ಸುಮ್ನೆ ಕೂತ್ರೆ ಏನಾಗತ್ತೆ? ಒಂದು ಗಂಟೇಲಿ ಅವರ ಟ್ರಕ್ ಕರ್ಕೊಂಡು ಬರ್ತೀನಿ."

ಅಕ್ಕ ಇವರನ್ನೇ ನೋಡಿದರು. "ಇಲ್ಲಿ ಹತ್ತಿರ ಕಾಣ್ತದೆ, ಆದ್ರೆ ಹತ್ತಿರ ಇರುವುದಿಲ್ಲ. ಹೋಗಲೇಬೇಕಾದ್ರೆ ರಸ್ತೆ ಬಿಡಬೇಡಿ," ಎಂದು ಎರಡು ಬಾಟಲಿ ನೀರು ಕೊಟ್ಟರು. ಇವರು ಭಾರವೆಂದು ಒಂದನ್ನು ಸೀಟಿನ ಮೇಲಿಟ್ಟು ಹೊರಟರು.

ಒಂದು ಗಂಟೆಯಾಯಿತು. ಎರಡಾಯಿತು. ಅಕ್ಕ ನನಗೆ ಅವಲಕ್ಕಿ ಕಲಸಿ ಕೊಟ್ಟು, ತಿನ್ನುವವರೆಗೂ ಎದುರಿಗೆ ಕುಳಿತಿದ್ದರು. ನಾನು ಗಡಿಯಾರ ನೋಡಿದಾಗಲೆಲ್ಲ ಅವರು ರಸ್ತೆ ನೋಡುತ್ತಿದ್ದರು. ಎರಡೂವರೆಗೆ ಎದ್ದು ಬೂಟಿನ ದಾರ ಬಿಗಿದರು. ನಾನೂ ಬರುತ್ತೇನೆಂದು ಅತ್ತೆ.

"ನೀನು ಬಂದ್ರೆ ನಾನು ಇಬ್ಬರನ್ನು ನೋಡ್ಬೇಕಾಗ್ತದೆ. ಅವರು ಬೇರೆ ದಾರಿಯಲ್ಲಿ ಬಂದ್ರೆ ಇಲ್ಲಿ ಒಬ್ಬರು ಬೇಕು. ನಿನಗೆ ಕೆಲಸ ಉಂಟು, ಕೇಳು." ಮರಳಿನ ಮೇಲೆ ಹರಡಿ ಕೂರುವಂತೆ ನಾಲ್ಕು ಗಾಲಿಗಳಿಂದ ಗಾಳಿ ಎಷ್ಟು ಬಿಡಬೇಕು, ಅದಕ್ಕೆ ವಾಲ್ವನ್ನು ಕಡ್ಡಿಯಿಂದ ಹೇಗೆ ಒತ್ತಬೇಕು, ಗಾಲಿಯ ಮುಂದೆ ಎಷ್ಟುದ್ದ ಮರಳು ತೋಡಬೇಕು, ಕಾರಿನ ಚಾಪೆ ಎಲ್ಲಿ ಹಾಸಬೇಕು, ಎಲ್ಲವನ್ನೂ ಲ್ಯಾಬಿನಲ್ಲಿ ಹೇಳಿಕೊಡುವ ಧ್ವನಿಯಲ್ಲೇ ಹೇಳಿದರು. "ಬಿಸಿಲು ತಾಗದ ಬದಿಯಿಂದ ಶುರು ಮಾಡು. ಹತ್ತು ನಿಮಿಷ ತೋಡು, ಹತ್ತು ನಿಮಿಷ ಕೂರು. ಬಾಯಾರಿಕೆ ಆಗುವ ಮೊದಲೇ ಕುಡಿ." ಬೆನ್ನಿಗೆ ನೀರು, ಹೆಗಲಿಗೆ ಗಂಜಿಯ ಥರ್ಮಾಸು, ಕೈಯಲ್ಲಿ ಕೊಡೆ. ಹೊರಟರು. ಸಂತೆಗೆ ಹೊರಟ ಅದೇ ನಡಿಗೆ.

ಮುಂದಿನದು ನನಗೆ ಆಮೇಲೆ ತಿಳಿದದ್ದು. ಒಂದೂವರೆ ಮೈಲಿಯವರೆಗೆ ಹೆಜ್ಜೆ ಗುರುತು ರಸ್ತೆಯ ಮೇಲೇ ಇತ್ತಂತೆ. ಅಲ್ಲಿಂದ ಎಡಕ್ಕೆ, ಒಣ ಹಳ್ಳದ ಕಡೆ ಇಳಿದಿತ್ತು. ದೂರದಲ್ಲಿ ಏನೋ ಹೊಳೆಯುತ್ತಿತ್ತು. ಅದು ಟ್ರಕ್ಕೇ ಹೌದು, ಆದರೆ ಗಣಿಯವರು ಎಷ್ಟೋ ವರ್ಷದ ಹಿಂದೆ ಬಿಟ್ಟುಹೋದ, ಬಾಗಿಲೂ ಇಲ್ಲದ ತುಕ್ಕಿನ ಗೂಡು, ಒಂದೇ ಒಂದು ಗಾಜು ಉಳಿದು ಹೊಳೆಯುತ್ತಿತ್ತು. ನನ್ನ ಗಂಡ ಅದನ್ನು ಮುಟ್ಟಿ, ತಪ್ಪು ತಿಳಿದು, ಹಿಂದಿರುಗುವಾಗ ದಾರಿ ಉಳಿಸಲು ಅಡ್ಡ ಹಾಯ್ದಿದ್ದರು. ಹಳ್ಳದ ದಂಡೆಯ ಕೆಳಗೆ, ಒಂದು ಮೊಳ ಅಗಲದ ನೆರಳಿನಲ್ಲಿ ಬಿದ್ದಿದ್ದರು. ವಾಂತಿಯಾಗಿತ್ತು, ಕಾಲಿನ ಸ್ನಾಯು ಗಂಟು ಕಟ್ಟಿತ್ತು. ಅಕ್ಕನನ್ನು ನೋಡಿ, "ಅಮ್ಮ, ಸ್ಕೂಲಿಗೆ ಟೈಮ್ ಆಯ್ತಾ," ಎಂದು ಕೇಳಿದರಂತೆ. ಅಕ್ಕ, "ಇನ್ನೂ ಇಲ್ಲ ಮಗಾ, ಮಲಗು," ಅಂದರಂತೆ.

ತಮ್ಮ ದುಪಟ್ಟಾ ಒದ್ದೆ ಮಾಡಿ ಕುತ್ತಿಗೆಗೆ, ತಲೆಗೆ ಸುತ್ತಿದರು. ಗಂಜಿಯ ತಿಳಿಯನ್ನು ಥರ್ಮಾಸಿನ ಮುಚ್ಚಳದಲ್ಲಿ ಬಗ್ಗಿಸಿ ಗುಟುಕು ಗುಟುಕಾಗಿ ಕುಡಿಸಿದರು. ಇವರು ಬಾಟಲಿ ಕಸಿದುಕೊಳ್ಳಲು ನೋಡಿದಾಗ ಕೈ ಹಿಡಿದುಕೊಂಡರು. ಎರಡು ಗಂಟೆ ಇವರ ಮೇಲೆ ಕೊಡೆ ಹಿಡಿದು ಕುಳಿತರು. ತಾವು ಬಿಸಿಲಲ್ಲಿದ್ದರು.

ಗಾಡಿಯ ಬಳಿ ನಾನು ತೋಡುತ್ತಿದ್ದೆ. ಸ್ಟೀಲ್ ತಟ್ಟೆಯಿಂದ ಮರಳು ಎತ್ತಿದಷ್ಟೂ ಮತ್ತೆ ಜಾರಿ ಬರುತ್ತಿತ್ತು. ಹತ್ತು ನಿಮಿಷ ತೋಡು, ಹತ್ತು ನಿಮಿಷ ಕೂರು. ಆ ಲೆಕ್ಕವೇ ನನ್ನನ್ನು ಹುಚ್ಚು ಹಿಡಿಯದಂತೆ ಕಾಪಾಡಿತು. ಆರೂವರೆಯ ಹೊತ್ತಿಗೆ ರಸ್ತೆಯಲ್ಲಿ ಎರಡು ಆಕೃತಿ ಕಂಡವು. ಒಂದು ಎತ್ತರ, ಒಂದು ಗಿಡ್ಡ. ಎತ್ತರದ್ದು ಗಿಡ್ಡದ್ದರ ಹೆಗಲ ಮೇಲೆ ಒರಗಿತ್ತು. ನಾನು ತಟ್ಟೆ ಕೆಳಗಿಟ್ಟು ಮರಳಿನಲ್ಲಿ ಕುಳಿತುಬಿಟ್ಟೆ.

ಅಕ್ಕ ಬಂದವರೇ ಮೊದಲು ಗಾಲಿಗಳನ್ನು ನೋಡಿದರು. "ಚೆಂದ ತೋಡಿದ್ದಿ," ಎಂದರು. ಇವರನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ಅಕ್ಕ ಸ್ಟಿಯರಿಂಗ್ ಹಿಡಿದು, ನಾನು ಹಿಂದಿನಿಂದ ತಳ್ಳಿ, ಎರಡನೇ ಸಲಕ್ಕೆ ಗಾಡಿ ಮೇಲೆದ್ದಿತು. ಕೈಪಂಪಿನಲ್ಲಿ ಗಾಳಿ ತುಂಬುವಾಗ ನೋಡಿದೆ, ಅವರ ಮುಖ, ಮುಂಗೈ ಸುಟ್ಟು ಕಪ್ಪಾಗಿ, ತುಟಿ ಒಡೆದು ರಕ್ತ ಬಂದಿತ್ತು. ಬಿಷಪ್ ಎಂಬ ಊರಿನ ಆಸ್ಪತ್ರೆಯಲ್ಲಿ ಇವರಿಗೆ ಒಂದು ದಿನ ಡ್ರಿಪ್ ಹಾಕಿದರು. ಮಂಗಳವಾರ ಮೂವರೂ ಮನೆಯಲ್ಲಿದ್ದೆವು.

ಅಕ್ಕ ಈ ವಿಷಯ ಯಾರಿಗೂ ಹೇಳಲಿಲ್ಲ. ಮುಖ ಸುಟ್ಟದ್ದನ್ನು ನೋಡಿ ಲ್ಯಾಬಿನವರು ಕೇಳಿದರೆ, "ಗಾಡಿ ಹೂತಿತು, ತೆಗೆದೆವು," ಎಂದರು, ಅಷ್ಟೆ. ನನ್ನ ಗಂಡ ಎರಡು ವಾರ ಸರಿಯಾಗಿ ಮಾತಾಡಲಿಲ್ಲ. ಒಂದು ಶನಿವಾರ ಒಬ್ಬರೇ ಲಾಸ್ ಆಲ್ಟೋಸಿಗೆ ಹೋಗಿ ಬಂದರು. ಏನಾಯಿತೆಂದು ಆಗ ಹೇಳಲಿಲ್ಲ, ಎಷ್ಟೋ ವರ್ಷದ ಮೇಲೆ ಹೇಳಿದರು. ಕ್ಷಮೆ ಕೇಳಲು ಹೋದವರಿಗೆ ಅಕ್ಕ ತೆಂಗಿನಕಾಯಿ ತುರಿಯಲು ಕೊಟ್ಟರಂತೆ. ತುರಿದು ಮುಗಿದ ಮೇಲೆ ಹೇಳಿದರಂತೆ: "ತಪ್ಪು ಅರ್ಧ ನಿಮ್ಮದು, ಅರ್ಧ ನನ್ನದು. ನನ್ನ ಅರ್ಧ ನಾನು ಸರಿ ಮಾಡ್ತೇನೆ. ನಿಮ್ಮದನ್ನು ನೀವು ನೋಡಿಕೊಳ್ಳಿ."

ಅವರ ಅರ್ಧ ಯಾವುದೆಂದು ನನಗೆ ಅವರೇ ಹೇಳಿದ್ದರು. ಲ್ಯಾಬಿನಲ್ಲಿ ಒಂದು ಮಧ್ಯಾಹ್ನ, ನಾನು, "ನೀವು ಅಷ್ಟು ಶಾಂತವಾಗಿ ಹೇಗಿದ್ರಿ ಅಕ್ಕ?" ಎಂದು ಕೇಳಿದೆ.

"ಶಾಂತ ಎಲ್ಲಿಂದ ಮಾರಾಯ್ತಿ? ನನಗೆ ಸಿಟ್ಟು ಬಂದಿತ್ತು. ನನ್ನ ಮೇಲೆಯೇ. ಮೇ ತಿಂಗಳಲ್ಲಿ ಹೋಗುವುದು ತಪ್ಪು ಅಂತ ಗೊತ್ತಿತ್ತು. ಕೀಲಿ ಕೊಡಬಾರದು ಅಂತ ಗೊತ್ತಿತ್ತು. ರಸ್ತೆ ಬಿಟ್ಟಾಗ ನಿಲ್ಲಿಸಿ ಅಂತ ಬಾಯಿಗೆ ಬಂದಿತ್ತು. ಇಲ್ಲಿ ಡಾಕ್ಟರು ಬೊಬ್ಬೆ ಹಾಕಿದ್ರೂ ನನಗೆ ನೋ ಅನ್ನಲಿಕ್ಕೆ ಬರ್ತದೆ. ನಮ್ಮವರು ಎರಡು ಸಲ ಕೇಳಿದ್ರೆ, ಕನ್ನಡದಲ್ಲಿ ಬೇಡ ಅನ್ನಲಿಕ್ಕೆ ನಾಲಗೆ ಏಳುವುದಿಲ್ಲ. ಎಂತ ನಾಚಿಕೆ ಅದು? ಆ ನಾಚಿಕೆಗೆ ನಿನ್ನ ಗಂಡ ಹೋಗ್ತಿದ್ರು."

ಟ್ಯೂಬೊಂದನ್ನು ಬೆಳಕಿಗೆ ಹಿಡಿದು ಸ್ವಲ್ಪ ಹೊತ್ತು ನೋಡಿದರು. ಅದರಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಅವರು ಆ ಅರ್ಧವನ್ನು ನಿಜವಾಗಿಯೂ ಸರಿ ಮಾಡಿದರು. ಅದೇ ಶರತ್ಕಾಲದಲ್ಲಿ ಎರಡು ಸಂಸಾರಗಳ ಜೊತೆ ಬೆಟ್ಟಕ್ಕೆ ಹೋದಾಗ, ವಯಸ್ಸಿನಲ್ಲಿ ಹಿರಿಯರಾದ ಡಾಕ್ಟರೊಬ್ಬರು ಗಾಡಿ ತಾವು ಓಡಿಸುತ್ತೇವೆಂದು ಕೈ ಚಾಚಿದರು. "ಬೇಡ," ಅಂದರು ಅಕ್ಕ. ಪರವಾಗಿಲ್ಲ, ಆಮೇಲೆ ನೋಡುವ, ಅಂಥ ಬಾಲ ಯಾವುದೂ ಇಲ್ಲ. ಡಾಕ್ಟರು ನಕ್ಕು, ಕೈ ಹಿಂತೆಗೆದುಕೊಳ್ಳದೆ ನಿಂತರು. ಅಕ್ಕ ನಗಲಿಲ್ಲ. ಕೀಲಿ ಅವರ ಮುಷ್ಟಿಯಲ್ಲೇ ಉಳಿಯಿತು, ನಾನು ನನ್ನ ಬೂಟು ನೋಡತೊಡಗಿದೆ. ಅಕ್ಕನ ಕಿವಿ ಕೆಂಪಾಗಿದ್ದದ್ದು ನನಗೆ ಮಾತ್ರ ಕಂಡಿತು.

ಮೋಡ ಕವಿದರೆ ಹಿಂದಿರುಗುವ ಎನ್ನುತ್ತಿದ್ದರು. ಮಕ್ಕಳು ಅತ್ತರೂ, ತಾಯಂದಿರು ಇನ್ನರ್ಧ ಗಂಟೆ ಎಂದು ಬೇಡಿದರೂ ಹಿಂದಿರುಗಿಸಿಯೇ ಬಿಡುತ್ತಿದ್ದರು. ಅವರಿಗೆ ಜಂಬ, ಒಂಟಿಯಾಗಿದ್ದು ಒರಟಾಗಿದ್ದಾರೆ ಎಂದು ಊಟದ ಸಾಲಿನಲ್ಲಿ ಮಾತಾಯಿತು. ಕೆಲವರು ಬರುವುದು ಬಿಟ್ಟರು. ಅಂಥ ಮಾತು ಬಂದಾಗ ನನ್ನ ಗಂಡ ಒಮ್ಮೆ ಎಲೆಯಿಂದ ಎದ್ದು, ನಡೆದದ್ದನ್ನೆಲ್ಲ, ತಾನು ಅಮ್ಮ ಎಂದು ಕರೆದದ್ದನ್ನೂ ಬಿಡದೆ, ಎಲ್ಲರೆದುರು ಹೇಳಿದರು. ಅದು ಅವರ ಅರ್ಧ ಎಂದು ನಾನು ತಿಳಿದೆ. ಅಕ್ಕ ಅಂದು ಅಲ್ಲಿರಲಿಲ್ಲ. ಇದ್ದಿದ್ದರೆ ಕೂರಿಸುತ್ತಿದ್ದರು.

ದಶಕ ಮುಗಿಯುವ ಹೊತ್ತಿಗೆ ಅವರ ಮೊಣಕಾಲು ಸವೆದಿತ್ತು. ಊರಿಗೆ, ತಂಗಿಯ ಮಗಳ ಹತ್ತಿರ ಹಿಂದಿರುಗುವ ನಿರ್ಧಾರ ಮಾಡಿ ಟಿಕೆಟ್ಟು ತೆಗೆಸಿದ್ದರು. ಅದಕ್ಕೂ ಮೊದಲು ಒಂದು ಆಗಸ್ಟಿನಲ್ಲಿ ನಾವಿಬ್ಬರೇ ಸಿಯೆರಾದ ಪೂರ್ವ ಇಳಿಜಾರಿನ ಒಂದು ಘಾಟಿಗೆ ಹೊರಟೆವು. ಅವರು ಮೊದಲಿಗಿಂತಲೂ ನಿಧಾನವಾಗಿದ್ದರು. ಮರಗಳು ಮುಗಿದು ಬರೀ ಬಂಡೆ ಶುರುವಾಗುವಲ್ಲಿ ನಿಂತರು. ಘಾಟಿ ಕಣ್ಣೆದುರಿಗೇ ಇತ್ತು, ಅರ್ಧ ಗಂಟೆಯ ದಾರಿ.

"ನನಗೆ ಇಲ್ಲಿಗೆ ಸಾಕು," ಎಂದರು.

"ಸ್ವಲ್ಪ ಕೂತು ಹೋಗೋಣ ಅಕ್ಕ. ಇಷ್ಟು ದೂರ ಬಂದಿದೀವಿ. ಇನ್ನೆಷ್ಟು ಮಹಾ ಇದೆ?"

"ಬೇಡ." ಬಂಡೆಯ ಮೇಲೆ ಕುಳಿತು ಮೊಣಕಾಲು ನೀವಿಕೊಂಡರು. "ನೀನು ಹೋಗಿ ಬಾ. ನಾನು ಇಲ್ಲೇ ಇರ್ತೇನೆ."

ನಾನೊಬ್ಬಳೇ ಹತ್ತಿದೆ. ನನ್ನ ಮುಂದೆ ಯಾರ ಬೆನ್ನೂ ಇಲ್ಲದ ಮೊದಲ ಸಲ ಅದು. ಘಾಟಿಯಲ್ಲಿ ನಿಂತು, ಗಾಳಿಗೆ ಕಣ್ಣು ಕಿರಿದು ಮಾಡಿ, ಆಚೆಯದನ್ನೆಲ್ಲ ನೋಡಿ, ಬೇಗ ಇಳಿದು ಬಂದೆ. ಅವರು ಅದೇ ಬಂಡೆಯ ಮೇಲೆ, ಬೂಟು ಬಿಚ್ಚಿ ಪಕ್ಕಕ್ಕಿಟ್ಟು, ಬರಿಗಾಲು ಬಿಸಿಲಿಗೆ ಚಾಚಿ ಕುಳಿತಿದ್ದರು.

"ಆಚೆ ಬದಿ ಕೆರೆ ಕಾಣ್ತದಾ?" ಎಂದು ಕೇಳಿದರು.

"ಎರಡು ಕಾಣತ್ತೆ. ಒಂದರ ಅಂಚಲ್ಲಿ ಇನ್ನೂ ಹಿಮ ಇದೆ."

"ನೀರು ಎಂತ ಬಣ್ಣ?"

ನಾನು ಹೇಳಲು ನೋಡಿದೆ. ನೀಲಿ ಎಂದೆ, ಅಲ್ಲ ಎಂದೆ, ನವಿಲಿನ ಕುತ್ತಿಗೆ ಎಂದೆ, ಅದೂ ಸರಿಯೆನಿಸಲಿಲ್ಲ. ಆ ಘಾಟಿಯನ್ನು ಅವರು ಹತ್ತು ಸಲವಾದರೂ ದಾಟಿದ್ದವರು. ಆದರೂ ಹೊಸದಾಗಿ ಕೇಳುವವರಂತೆ, ಕಣ್ಣು ಮುಚ್ಚಿ, ತಲೆಯಾಡಿಸುತ್ತಾ ಕೇಳಿದರು. ಗಾಳಿ ಹೇಗಿತ್ತು, ದಪ್ಪ ಅಳಿಲಿನಂಥ ಮಾರ್ಮಾಟುಗಳು ಶಿಳ್ಳೆ ಹಾಕಿದವೇ, ಹಿಮದ ಮೇಲೆ ಹೆಜ್ಜೆ ಗುರುತು ಇತ್ತೇ ಎಂದು ಒಂದೊಂದನ್ನೇ ಕೇಳಿದರು. ನಾನು ಕಂಡದ್ದನ್ನೆಲ್ಲ ಹೇಳಿ ಮುಗಿಸಿದೆ. ಅವರು ಕಣ್ಣು ತೆರೆದು, ಹುಡುಗರ ಅಳತೆಯ ಆ ಬೂಟುಗಳನ್ನು ಹತ್ತಿರಕ್ಕೆ ಎಳೆದುಕೊಂಡು, ಒಂದರೊಳಗಿನ ಕಲ್ಲನ್ನು ಕೊಡವಿ ಹಾಕಿದರು.

"ಹಾಗಾದ್ರೆ ಎಲ್ಲ ಸರಿ ಉಂಟು," ಎಂದರು. "ಇನ್ನು ಇಳಿಯುವ."